ಹಳೆ ಜೀಪಿನ ಮಿಣುಕು ದೀಪ: ಬಲ್ಬಿಗಿಂತ ಮೊದಲು ವಯರು ನೋಡಿ

ಮಳೆಗಾಲದ ರಾತ್ರಿ ಹತ್ತು ಗಂಟೆ. ಗುಡ್ಡೆಯ ಮೇಲಿನ ಮನೆಯೊಂದರಲ್ಲಿ ಅಜ್ಜನಿಗೆ ಎದೆನೋವು. ಪೇಟೆಯಿಂದ ಆಂಬುಲೆನ್ಸ್ ಬರಲು ಹೊತ್ತು ಬೇಕು, ಬಂದರೂ ಕಡಿದಾದ ಮಣ್ಣಿನ ರಸ್ತೆ ಹತ್ತುವುದು ಸಂಶಯ. ಆಗ ಮನೆಯವರಿಗೆ ನೆನಪಾಗುವುದು ಕೆಳಗಿನ ಮನೆಯ ಹಳೆ ಜೀಪು. “ಅಣ್ಣ, ಒಮ್ಮೆ ಬರ್ಲಿಕ್ಕೆ ಆಗ್ತದಾ? ಅಪ್ಪನಿಗೆ ಸ್ವಲ್ಪ ಜೋರುಂಟು” ಎಂದು ಫೋನು ಹೋಗುತ್ತದೆ. ಜೀಪಿನವ ಲುಂಗಿ ಬಿಗಿದುಕೊಂಡು ಹೊರಡುತ್ತಾನೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್. ಬ್ರೇಕ್ ಗಟ್ಟಿ. ಟಯರೂ ಅಡ್ಡಿಯಿಲ್ಲ. ಆದರೆ ಲೈಟು ಹಾಕಿದರೆ ಎದುರು ಕಾಣುವುದು ಎರಡು ಹಳದಿ ಮಚ್ಚೆ ಮಾತ್ರ. ಬರೆ ಎಲ್ಲಿ, ಚರಂಡಿ ಎಲ್ಲಿ, ತಿರುವು ಎಲ್ಲಿ, ಎಲ್ಲವೂ ಅಂದಾಜು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಳೆಗೆ ಮುಖ ಒಡ್ಡಿಕೊಂಡು ಆತ ಜೀಪು ಇಳಿಸುತ್ತಾನೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಅಜ್ಜನ ಚಿಂತೆಯ ಜತೆಗೆ ದಾರಿಯ ಚಿಂತೆಯೂ ಸೇರಿಕೊಳ್ಳುತ್ತದೆ.

ಇದು ಯಾವುದೋ ಒಂದು ಮನೆಯ ಕತೆ ಅಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪೂರ್ವ ಭಾಗದ ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ದೇಲಂಪಾಡಿ, ಕುಂಬ್ಡಾಜೆ ಕಡೆಯ ಯಾರನ್ನು ಕೇಳಿದರೂ ಇಂತಹದ್ದೊಂದು ರಾತ್ರಿಯ ನೆನಪು ಹೇಳಿಯಾರು. ಈ ಭಾಗದ ಜನ ದೊಡ್ಡ ಕಾಯಿಲೆಗೆ ಮಂಗಳೂರು, ದೇರಳಕಟ್ಟೆ, ಪುತ್ತೂರು, ಸುಳ್ಯವನ್ನೇ ನಂಬಿದವರು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ನಂಬಿಕೆ ಎಷ್ಟು ಆಳದ್ದು ಎಂಬುದು ಇಡೀ ದೇಶಕ್ಕೇ ಗೊತ್ತಾಯಿತು. ಗಡಿ ದಾಟಿ ಆಸ್ಪತ್ರೆಗೆ ಹೋಗುವ ದಾರಿಯ ಮೊದಲ ಐದಾರು ಕಿಲೋಮೀಟರು ಇಂದಿಗೂ ಅನೇಕ ಮನೆಗಳಿಗೆ ಹಳೆ ಜೀಪಿನದ್ದೇ.

ರೋಗಿಯ ಮಾತು ಬಿಟ್ಟರೂ ಇಲ್ಲಿನ ಬದುಕಿನಲ್ಲಿ ರಾತ್ರಿಯ ಓಡಾಟ ತಪ್ಪಿದ್ದಲ್ಲ. ಬೆಳಗಿನ ಜಾವಕ್ಕೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರುಂಟು. ಬೆಳಕು ಹರಿಯುವ ಮೊದಲೇ ಹಾಲಿನ ಸೊಸೈಟಿಗೆ ಹಾಲು ಮುಟ್ಟಿಸುವವರುಂಟು. ಬಯಲಾಟ, ಕೋಲ ಮುಗಿಸಿ ಅಪರಾತ್ರಿ ಮನೆಗೆ ಮರಳುವ ಸಂಸಾರಗಳುಂಟು. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲವಾಯಿತು, ನಂದಾರಪದವಿನಿಂದ ಹೊರಡುವ ಗುಡ್ಡಗಾಡು ಹೆದ್ದಾರಿಯೂ ಬಂತು. ರಸ್ತೆ ಒಳ್ಳೆಯದಾದ ಹಾಗೆ ವೇಗವೂ ಏರಿತು. ಆದರೆ ಅದೇ ರಸ್ತೆಗೆ ಇಳಿಯುವ ಹಳೆ ವಾಹನಗಳ ದೀಪ ಮಾತ್ರ ಇದ್ದಲ್ಲೇ ಇದೆ. ಅಲ್ಲ, ವರ್ಷ ಹೋದ ಹಾಗೆ ಇನ್ನಷ್ಟು ಮಂಕಾಗಿದೆ.

ಹಳೆಯದೆಂದು ಬಿಸಾಡಲಾಗದು

ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿ ನಿಂತದ್ದು 2014ರಲ್ಲಿ. ಓಮ್ನಿ ನಿಂತದ್ದು 2019ರಲ್ಲಿ. ಕಮಾಂಡರ್, ಮೇಜರ್ ಜೀಪುಗಳು ಕಂಪೆನಿಯಿಂದ ಬರುವುದು ನಿಂತು ಅದಕ್ಕಿಂತಲೂ ಹೆಚ್ಚು ಕಾಲವಾಯಿತು. ಆದರೂ ಕೆಎಲ್ 14 ನಂಬರಿನ ಇಂತಹ ವಾಹನಗಳು ತೋಟದ ಅಂಗಳಗಳಲ್ಲಿ ಇನ್ನೂ ನಿಂತಿವೆ, ನಿಂತಿರುವುದು ಮಾತ್ರವಲ್ಲ, ದುಡಿಯುತ್ತಿವೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಮಾಲಕರು ಅವನ್ನು ಉಳಿಸಿಕೊಂಡಿದ್ದಾರೆ. “ಹಳೇದನ್ನು ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ” ಎಂದು ಹೇಳುವುದು ಸುಲಭ. ಅಡಕೆಗೆ ರೋಗ ಬಂದ ವರ್ಷ ತೋಟದವ ಹೊಸ ಜೀಪು ತೆಗೆಯುವುದು ಎಲ್ಲಿಂದ? ತೆಗೆದರೂ, ಗೊಬ್ಬರದ ಮೂಟೆ ಹೇರಿಕೊಂಡು ಆ ಏರು ಹತ್ತುವ ಗಾಡಿ ಬೇಕಲ್ಲ?

ಹಾಗಾಗಿ ಪ್ರಶ್ನೆ ಹಳೆ ವಾಹನ ಇರಬೇಕೋ ಬೇಡವೋ ಎಂಬುದಲ್ಲ. ಇರುವ ವಾಹನದ ದೀಪ ಸರಿ ಇರಬೇಕು ಎಂಬುದು. ವಿಚಿತ್ರವೆಂದರೆ ಎಂಜಿನ್ ಆಯಿಲನ್ನು ಲೆಕ್ಕ ಇಟ್ಟು ಬದಲಿಸುವ ಮಾಲಕರೇ ದೀಪದ ವಿಷಯಕ್ಕೆ ಬಂದರೆ “ಅದು ಮೊದಲಿಂದಲೂ ಹಾಗೆಯೇ ಮಾರಾಯ್ರೆ” ಎಂದು ಬಿಟ್ಟುಬಿಡುತ್ತಾರೆ. ದೀಪ ಒಂದೇ ದಿನ ಮಂಕಾಗುವುದಿಲ್ಲ. ವರ್ಷ ವರ್ಷವೂ ಚೂರು ಚೂರೇ ಇಳಿಯುತ್ತದೆ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಹೊಂದಿಕೊಂಡ ಕಣ್ಣಿಗೆ ಅಪಾಯ ಕಾಣುವುದಿಲ್ಲ.

ಒಂದು ಸಣ್ಣ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲುವಷ್ಟರಲ್ಲಿ 30 ಮೀಟರಿಗೂ ಮಿಕ್ಕಿ ದೂರ ಕಳೆದಿರುತ್ತದೆ. ವೇಗ 60 ಆದರೆ ಅದು ಸುಮಾರು 60 ಮೀಟರ್. ಮಂಕು ದೀಪಕ್ಕೆ ಕಪ್ಪು ಕೊಡೆ ಹಿಡಿದು ನಡೆಯುವವರು 25 ಮೀಟರಿನಲ್ಲಿ ಕಂಡರೆ ಅದೇ ಹೆಚ್ಚು. ಕಾಡುಹಂದಿಗಂತೂ ಬಣ್ಣವೇ ಕತ್ತಲೆಯದ್ದು. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಆನೆಯ ಭಯವೂ ಉಂಟು. ಮಳೆ ಬಂದರೆ ಇನ್ನೊಂದು ಕಷ್ಟ: ಒದ್ದೆ ಡಾಮರು ಕನ್ನಡಿಯ ಹಾಗೆ ಬೆಳಕನ್ನು ಮುಂದಕ್ಕೆ ಜಾರಿಸುತ್ತದೆ. ಚಾಲಕನ ಕಣ್ಣಿಗೆ ಮರಳಿ ಬರುವುದು ಅಲ್ಪ, ಎದುರಿನವನ ಕಣ್ಣಿಗೆ ಹೋಗುವುದೇ ಹೆಚ್ಚು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಕರೆಂಟು ದಾರಿಯಲ್ಲೇ ಸೋರಿದರೆ

ದೀಪ ಸಾಲದು ಎಂದು ಕಂಡಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಲ್ಬು ಬದಲಿಸುವುದು. ಅಂಗಡಿಯವ 100 ವ್ಯಾಟಿನ ಬಲ್ಬು ಕೊಡುತ್ತಾನೆ, ಇಲ್ಲವೇ ಬೆಳ್ಳಗೆ ಉರಿಯುವ ಎಲ್‌ಇಡಿ ಕೊಡುತ್ತಾನೆ. ಎರಡೂ ಹೆಚ್ಚಿನ ಸಲ ತಪ್ಪು ಮದ್ದು. ಏಕೆಂದರೆ ಹಳೆ ವಾಹನದಲ್ಲಿ ರೋಗ ಇರುವುದು ಬಲ್ಬಿನಲ್ಲಿ ಅಲ್ಲ, ಬಲ್ಬಿಗೆ ಕರೆಂಟು ಬರುವ ದಾರಿಯಲ್ಲಿ.

ತೋಟ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆರೆಯ ಬದಿಯಲ್ಲಿ ಒಳ್ಳೆಯ ಪಂಪು ಇದೆ. ಆದರೆ ಮೇಲಿನ ತಟ್ಟಿಗೆ ನೀರು ಹೋಗುವುದು ಹಳೆಯ ಅರ್ಧ ಇಂಚಿನ ಪೈಪಿನಲ್ಲಿ, ಅದೂ ನಾಲ್ಕು ಕಡೆ ಜೋಡಣೆ, ಒಳಗೆ ಕೆಸರು. ಮೇಲೆ ಎಷ್ಟು ಒಳ್ಳೆಯ ಸ್ಪ್ರಿಂಕ್ಲರ್ ಇಟ್ಟರೂ ಅದು ತಿರುಗುತ್ತದೆಯೇ? ಜೀಪಿನ ದೀಪದ ಪಾಡೂ ಇದೇ. ಬ್ಯಾಟರಿಯಿಂದ ಹೊರಟ ಕರೆಂಟು ಸಪೂರ ವಯರಿನಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಡಿಮ್-ಬ್ರೈಟ್ ಸ್ವಿಚ್ಚಿಗೆ, ಅಲ್ಲಿಂದ ನಾಲ್ಕಾರು ಜಾಯಿಂಟು ದಾಟಿ ಮತ್ತೆ ಮುಂದಕ್ಕೆ, ಕೊನೆಗೆ ಬಲ್ಬಿಗೆ. ಇಪ್ಪತ್ತು ಮಳೆಗಾಲ ಕಂಡ ಜಾಯಿಂಟಿನಲ್ಲಿ ಹಸಿರು ಕಿಲುಬು, ಸ್ವಿಚ್ಚಿನ ಒಳಗೆ ಕರಿ. ಪ್ರತಿಯೊಂದು ಕಡೆಯೂ ಸ್ವಲ್ಪ ಸ್ವಲ್ಪ ವೋಲ್ಟೇಜು ಸೋರಿಹೋಗುತ್ತದೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಎಚ್4 ಬಲ್ಬು 60/55 ವ್ಯಾಟಿನದ್ದು. ಬ್ರೈಟಿನಲ್ಲಿ ಎರಡು ಬಲ್ಬು ಉರಿಯುವಾಗ ಹತ್ತು ಆಂಪಿಯರಿನಷ್ಟು ಕರೆಂಟು ಬೇಕು. ಒಂದು ಚದರ ಮಿಲಿಮೀಟರಿನ ವಯರಿನಲ್ಲಿ ನಾಲ್ಕು ಮೀಟರ್ ಸುತ್ತಿ ಬಂದರೆ ವಯರಿನಲ್ಲೇ ಸುಮಾರು ಮುಕ್ಕಾಲು ವೋಲ್ಟ್ ಕಳೆಯುತ್ತದೆ. ಸ್ವಿಚ್ಚು, ಜಾಯಿಂಟುಗಳ ಪಾಲು ಬೇರೆ. ಹೀಗೆ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದದ್ದು ಬಲ್ಬಿಗೆ ಬರುವಾಗ 11.5 ಆಗಿರುತ್ತದೆ.

ಎರಡು ವೋಲ್ಟ್ ಅಲ್ವಾ, ಹೋದರೆ ಹೋಗಲಿ ಎನ್ನುವಂತಿಲ್ಲ. ಫಿಲಮೆಂಟ್ ಬಲ್ಬಿನ ಸ್ವಭಾವವೇ ಬೇರೆ. ವೋಲ್ಟೇಜು ನೂರಕ್ಕೆ 10 ಭಾಗ ಇಳಿದರೆ ಬೆಳಕು ನೂರಕ್ಕೆ 30 ಭಾಗ ಇಳಿಯುತ್ತದೆ. 13.5ರಿಂದ 11.5ಕ್ಕೆ ಇಳಿದರಂತೂ ಸುಮಾರು 40 ಭಾಗ ಬೆಳಕು ಮಾಯ. ಉಳಿದದ್ದು ಹಳದಿ ಮಚ್ಚೆ. ಇದೇ ದಾರಿಯಲ್ಲಿ 100 ವ್ಯಾಟಿನ ಬಲ್ಬು ಹಾಕಿದರೆ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ಇನ್ನೂ ಹೆಚ್ಚು ದಾರಿಯಲ್ಲೇ ಸೋರುತ್ತದೆ. ವಯರು ಬಿಸಿಯಾಗುತ್ತದೆ, ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಕೆಲವೊಮ್ಮೆ ವಾಹನಕ್ಕೇ ಬೆಂಕಿ ಹಿಡಿದೀತು.

ಮೀಟರು ಇಟ್ಟು ನೋಡಲಿ

ಅನುಭವಿ ಓಟೋ ಇಲೆಕ್ಟ್ರಿಶಿಯನ್ ಇದನ್ನೇ ಹೇಳುತ್ತಾನೆ. “ಬಲ್ಬ್ ಬದಲಿಸಿ ಎಂತ ಪ್ರಯೋಜನ ಅಣ್ಣ? ಕರೆಂಟೇ ಅಲ್ಲಿವರೆಗೆ ಬರ್ತಾ ಇಲ್ಲ.” ಆತನ ಮಾತು ನಂಬಲಿಕ್ಕೆ ಒಂದು ಸಾದಾ ಮೀಟರು ಸಾಕು. ಎಂಜಿನ್ ಚಾಲೂ ಇರಲಿ, ಎಕ್ಸಲೇಟರ್ ಸ್ವಲ್ಪ ಒತ್ತಿರಲಿ, ಲೈಟು ಬ್ರೈಟಿನಲ್ಲಿ ಉರಿಯುತ್ತಿರಲಿ. ಮೊದಲು ಬ್ಯಾಟರಿಯ ಎರಡು ತಲೆಗಳಲ್ಲಿ ವೋಲ್ಟೇಜು ನೋಡುವುದು. ಆಮೇಲೆ ಬಲ್ಬಿನ ಹಿಂದಿನ ಪಿನ್ನುಗಳಲ್ಲಿ, ಬಲ್ಬು ಉರಿಯುತ್ತಿರುವಾಗಲೇ ನೋಡುವುದು. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿನ ಒಳಗಿದ್ದರೆ ವಯರಿಂಗ್ ಪರವಾಗಿಲ್ಲ. ಒಂದು ದಾಟಿದರೆ ರೋಗ ಸಿಕ್ಕಿತು ಎಂದೇ ಲೆಕ್ಕ.

ಬ್ಯಾಟರಿಯಲ್ಲೇ 13 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಆಲ್ಟರ್ನೇಟರ್, ಬೆಲ್ಟು, ಬ್ಯಾಟರಿಯ ತಲೆಗಳನ್ನು ಮೊದಲು ನೋಡಬೇಕು. 15ರ ಹತ್ತಿರ ತೋರಿಸಿದರೆ ರೆಗ್ಯುಲೇಟರ್ ಕೆಟ್ಟಿದೆ. ಆಗ ಬೆಳಕು ಚೆನ್ನಾಗಿ ಬರುತ್ತದೆ, ಬಲ್ಬು ಮಾತ್ರ ಬೇಗ ಬೇಗ ಹೋಗುತ್ತದೆ.

ಅರ್ಥ್ ವಯರನ್ನು ಹೆಚ್ಚಿನವರು ಮರೆತೇ ಬಿಡುತ್ತಾರೆ. ಕರೆಂಟು ಬರುವ ದಾರಿಯಷ್ಟೇ ಮುಖ್ಯ ಅದು ಮರಳಿ ಹೋಗುವ ದಾರಿ. ಜೀಪಿನ ಮುಂಭಾಗದಲ್ಲಿ ತುಕ್ಕು ಹಿಡಿದ ಒಂದು ಬೋಲ್ಟಿಗೆ ಬಿಗಿದಿರುವ ಅರ್ಥನ್ನು ಬಿಚ್ಚಿ, ಪೈಂಟು ಕೆರೆದು, ಉಜ್ಜಿ, ಗ್ರೀಸು ಸವರಿ ಮತ್ತೆ ಬಿಗಿದರೆ ಬೆಳಕು ಒಂದಷ್ಟು ಮರಳಿ ಬರುವುದುಂಟು. ಇದಕ್ಕೆ ಖರ್ಚು ಉಪ್ಪುಕಾಗದದ ಒಂದು ತುಂಡು.

ಪೂರ್ತಿ ಪರಿಹಾರ ಬೇಕಾದರೆ ರಿಲೇ. ಇದು ಹೊಸ ವಿದ್ಯೆಯೇನೂ ಅಲ್ಲ. ಬ್ಯಾಟರಿಯಿಂದ ದಪ್ಪ ವಯರು, ಅಂದರೆ 2.5 ಚದರ ಮಿಲಿಮೀಟರಿನ ತಾಮ್ರದ ವಯರು, ನೇರವಾಗಿ ದೀಪದ ಹತ್ತಿರ ಬರುತ್ತದೆ. ನಡುವೆ ರಿಲೇ ಕೂರುತ್ತದೆ, ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ಹಳೆಯ ಸ್ವಿಚ್ಚಿನ ವಯರು ಈಗ ಬಲ್ಬನ್ನು ಉರಿಸಬೇಕಾಗಿಲ್ಲ, ರಿಲೇಗೆ ಸನ್ನೆ ಕೊಟ್ಟರೆ ಸಾಕು. ರಿಲೇಯ ಅಡಿಯಲ್ಲಿ ನಂಬರುಗಳಿರುತ್ತವೆ: 30ಕ್ಕೆ ಬ್ಯಾಟರಿ, 87ರಿಂದ ಬಲ್ಬಿಗೆ, 86ಕ್ಕೆ ಹಳೆ ಸ್ವಿಚ್ಚಿನ ವಯರು, 85ಕ್ಕೆ ಅರ್ಥ್. ಬ್ಯಾಟರಿಯ ಹತ್ತಿರವೇ ಫ್ಯೂಸು ಇರಲೇಬೇಕು. ಡಿಮ್ಮಿಗೂ ಬ್ರೈಟಿಗೂ ಬೇರೆ ಬೇರೆ ಫ್ಯೂಸು ಇದ್ದರೆ ಒಂದು ಹೋದರೂ ದಾರಿ ಮಧ್ಯೆ ಪೂರ್ತಿ ಕತ್ತಲೆಯಾಗದು. ತಗಡಿನ ತೂತಿನ ಮೂಲಕ ವಯರು ಹೋಗುವಲ್ಲಿ ರಬ್ಬರ್ ಹಾಕಬೇಕು, ಇಲ್ಲವಾದರೆ ಜೀಪಿನ ಅಲುಗಾಟಕ್ಕೆ ವಯರು ಸವೆದು ಶಾರ್ಟ್ ಆಗುತ್ತದೆ. ಇಷ್ಟಕ್ಕೂ ಸೇರಿ ಆಗುವ ಖರ್ಚು ಒಂದು ಹೊಸ ಟಯರಿನ ಬೆಲೆಯ ಸಣ್ಣ ಪಾಲು. ಬಲ್ಬಿನ ವ್ಯಾಟು ಬದಲಾಗುವುದಿಲ್ಲ, ದೀಪದ ಸ್ವರೂಪ ಬದಲಾಗುವುದಿಲ್ಲ. ಬಲ್ಬಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲುತ್ತದೆ, ಅಷ್ಟೆ.

ಹಳೆ ಸ್ಕೂಟರು, ಬೈಕುಗಳ ವಿಷಯ ಮಾತ್ರ ಬೇರೆ. ಅನೇಕವುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಅಲ್ಲ, ನೇರ ಕಾಯಿಲಿನಿಂದ ಉರಿಯುತ್ತದೆ. ಎಕ್ಸಲೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಮಿಣುಕು. ಅಲ್ಲಿ ರಿಲೇ ಹಾಕಿ ಪ್ರಯೋಜನವಿಲ್ಲ, ದೊಡ್ಡ ಬಲ್ಬು ಹಾಕಿದರೆ ಇನ್ನೂ ಮಂಕು. ಕಾಯಿಲು, ರೆಗ್ಯುಲೇಟರ್, ಅರ್ಥ್ ಸರಿ ಇದೆಯೇ ಎಂದು ನೋಡಿ, ಕಂಪೆನಿ ಹೇಳಿದ ವ್ಯಾಟಿನ ಬಲ್ಬನ್ನೇ ಹಾಕುವುದು ಒಳ್ಳೆಯದು.

ಗಾಜು, ರಿಫ್ಲೆಕ್ಟರ್ ಮತ್ತು ಗೋಡೆ

ಕರೆಂಟು ಸರಿಯಾದ ಮೇಲೆ ನೋಡಬೇಕಾದದ್ದು ರಿಫ್ಲೆಕ್ಟರನ್ನು. ಬೆಳಕನ್ನು ಒಟ್ಟು ಮಾಡಿ ರಸ್ತೆಗೆ ಕಳುಹಿಸುವುದು ಅದರ ಒಳಗಿನ ಬೆಳ್ಳಿಯಂತಹ ಲೇಪ. ನೀರು ಒಳಹೊಕ್ಕು ಆ ಲೇಪ ಕಪ್ಪಾಗಿದ್ದರೆ ಯಾವ ಬಲ್ಬು ಹಾಕಿದರೂ ಅಷ್ಟೆ. ಅದನ್ನು ಬಟ್ಟೆಯಿಂದ ಉಜ್ಜಿದರೆ ಇದ್ದ ಲೇಪವೂ ಕಿತ್ತು ಬರುತ್ತದೆ. ಬದಲಿಸುವುದೊಂದೇ ದಾರಿ. ಪುಣ್ಯಕ್ಕೆ ಜೀಪು, ಅಂಬಾಸಿಡರಿನಂತಹ ವಾಹನಗಳ ಏಳು ಇಂಚಿನ ಉರುಟು ದೀಪ ಇಂದಿಗೂ ಸುಲಭವಾಗಿ ಸಿಗುತ್ತದೆ. ಬಹಳ ಹಳೆಯ ವಾಹನದಲ್ಲಿ ಬಲ್ಬು ಬೇರೆ ತೆಗೆಯಲಾಗದ ಸೀಲ್ಡ್ ಬೀಮ್ ಇದ್ದರೆ ಅದೇ ಅಳತೆಯ ಎಚ್4 ದೀಪ ಅಲ್ಲಿ ಕೂರುತ್ತದೆ. ಕೊಳ್ಳುವಾಗ ಎಡಬದಿಯಲ್ಲಿ ಓಡಿಸುವ ದೇಶಕ್ಕೆ ಮಾಡಿದ್ದೇ ಎಂದು ನೋಡಬೇಕು. ಸರಿಯಾದ ದೀಪದ ಡಿಮ್ ಬೆಳಕು ಎಡಕ್ಕೆ ಸ್ವಲ್ಪ ಏರುತ್ತದೆ, ನಡೆದು ಹೋಗುವವರನ್ನು ತೋರಿಸುತ್ತದೆ. ಬೇರೆ ದೇಶಕ್ಕೆ ಮಾಡಿದ ದೀಪ ಬಲಕ್ಕೆ ಏರಿ ಎದುರಿನವನ ಕಣ್ಣಿಗೇ ಹೊಡೆಯುತ್ತದೆ.

ಜೀಪಿನ ಗಾಜು ಹಳದಿಯಾಗುವುದಿಲ್ಲ. ಆದರೆ ಇಪ್ಪತ್ತು ವರ್ಷ ಹಿಂದಿನ ಕಾರುಗಳ ಪ್ಲಾಸ್ಟಿಕ್ ದೀಪ ಬಿಸಿಲಿಗೆ ಮಬ್ಬಾಗುತ್ತದೆ. ನೀರು ಹಾಕಿಕೊಂಡು 1000, 2000, 3000 ನಂಬರಿನ ನಯವಾದ ಉಪ್ಪುಕಾಗದದಲ್ಲಿ ಒಂದರ ಮೇಲೊಂದು ಉಜ್ಜಿ ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ಮೇಲೆ ಬಿಸಿಲು ತಡೆಯುವ ಲೇಪ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಟೂತ್‌ಪೇಸ್ಟಿನ ಮದ್ದೂ ಅಷ್ಟೇ ದಿನದ್ದು.

ಕೊನೆಯದು, ಆದರೆ ಎಲ್ಲಕ್ಕಿಂತ ಅಗ್ಗದ್ದು, ದೀಪದ ಗುರಿ. ಎಷ್ಟೋ ಜೀಪುಗಳಲ್ಲಿ ಒಂದು ದೀಪ ಮಾವಿನ ಮರದ ತುದಿ ನೋಡುತ್ತದೆ, ಇನ್ನೊಂದು ಬಂಪರಿನ ಬುಡ. ಸಮತಟ್ಟು ಅಂಗಳದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ವಾಹನ ನಿಲ್ಲಿಸಬೇಕು. ದೀಪದ ನಡುಭಾಗ ನೆಲದಿಂದ ಎಷ್ಟು ಎತ್ತರವೋ ಅಷ್ಟು ಎತ್ತರಕ್ಕೆ ಗೋಡೆಯಲ್ಲಿ ಒಂದು ಗೆರೆ, ಅದರಿಂದ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ತಾಗಬೇಕು. ಸ್ಕ್ರೂ ತಿರುಗಿಸಿದರೆ ಆಯಿತು. ಜೀಪಿಗೆ ಒಂದು ವಿಶೇಷ ಎಚ್ಚರಿಕೆ ಬೇಕು: ಹಿಂದೆ ಆರೆಂಟು ಜನ ಕುಳಿತರೆ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಹೇರುವಷ್ಟು ಭಾರ ಹೇರಿಯೇ ಗುರಿ ನೋಡುವುದು ಸರಿ.

ತನಗೆ ಬೆಳಕು, ಎದುರಿನವನಿಗೆ ಕುರುಡು

ಇಷ್ಟೆಲ್ಲ ಯಾಕೆ, ಒಂದು ಎಲ್‌ಇಡಿ ಹಾಕಿದರೆ ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವುದು ಸಹಜ. ಹಾಕಿದ ಕೂಡಲೇ ಜೀಪಿನ ಎದುರು ಹಾಲು ಚೆಲ್ಲಿದ ಹಾಗೆ ಬೆಳಕು ಕಾಣುತ್ತದೆ. ಆದರೆ ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಫಿಲಮೆಂಟ್ ಎಲ್ಲಿರಬೇಕು ಎಂಬುದು ಕೂದಲೆಳೆಯ ಲೆಕ್ಕ. ಎಲ್‌ಇಡಿಯ ಬೆಳಕು ಅದೇ ಜಾಗದಿಂದ, ಅದೇ ಆಕಾರದಲ್ಲಿ ಹೊರಡದಿದ್ದರೆ ಅದು ಚದುರುತ್ತದೆ. ಹತ್ತಿರದ ರಸ್ತೆ ಬೆಳ್ಳಗಾಗುತ್ತದೆ, ದೂರದ್ದು ಕತ್ತಲೆಯಲ್ಲೇ ಉಳಿಯುತ್ತದೆ. ಹತ್ತಿರ ಬೆಳ್ಳಗಾದಷ್ಟೂ ಕಣ್ಣಿಗೆ ದೂರದ್ದು ಇನ್ನೂ ಕಾಣಿಸದು. ಪೆಟ್ಟಿಗೆಯ ಮೇಲೆ ಬರೆದ 6000 ಕೆಲ್ವಿನ್ ಎಂಬುದು ಬೆಳಕಿನ ಪ್ರಮಾಣ ಅಲ್ಲ, ಬಣ್ಣ ಮಾತ್ರ.

ಚದುರಿದ ಬೆಳಕು ಹೋಗುವುದು ಎಲ್ಲಿಗೆ? ಎದುರಿನಿಂದ ಬರುವ ರಿಕ್ಷಾದವನ ಕಣ್ಣಿಗೆ. ಒಂದೇ ವಾಹನ ಹೋಗುವಷ್ಟು ಅಗಲದ ರಸ್ತೆಯಲ್ಲಿ, ಒಂದು ಬದಿ ಬರೆ, ಇನ್ನೊಂದು ಬದಿ ತೋಡು ಇರುವಲ್ಲಿ, ಎರಡು ಸೆಕೆಂಡು ಕಣ್ಣು ಕತ್ತಲೆ ಕಟ್ಟಿದರೆ ಆತ ಏನು ಮಾಡಬೇಕು? ಆ ರಿಕ್ಷಾದಲ್ಲೂ ಆಸ್ಪತ್ರೆಗೆ ಹೋಗುವವರೇ ಇರಬಹುದು.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದ ಹಾಗೆ ಬೆಳಕು ಕೆಳಗೆ ಬಾಗಿರಬೇಕು. ವಾಹನದ ಮೂಲ ಸ್ವರೂಪಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದ್ದೂ ಕೇರಳದಿಂದ ಹೋದ ಪ್ರಕರಣದಲ್ಲೇ. ಇದನ್ನೆಲ್ಲ ತಿಳಿಯದೆ ದುಡ್ಡು ಕೊಟ್ಟು ಎಲ್‌ಇಡಿ ಹಾಕಿಸಿ, ಆಮೇಲೆ ತಪಾಸಣೆಯಲ್ಲಿ ಸಿಕ್ಕಿಬಿದ್ದು ದಂಡವನ್ನೂ ಕಟ್ಟುವುದು ಯಾವ ಲೆಕ್ಕ?

ಹಾಗೆಂದು ತಪ್ಪೆಲ್ಲ ವಾಹನದವರದ್ದೇ ಎಂದು ಹೇಳಿ ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ನಿಯಮ ಇದೆ ಎಂದು ಅವರಿಗೆ ತಿಳಿಸಿದವರು ಯಾರು? ತಿಳಿಸಿದ್ದರೆ ಯಾವ ಭಾಷೆಯಲ್ಲಿ? ಮಲಯಾಳ ಓದಲು ಬಾರದ ಹಿರಿಯ ಚಾಲಕರು ಗಡಿನಾಡಿನಲ್ಲಿ ಇನ್ನೂ ಇದ್ದಾರೆ. ಅವರ ಕೈಗೆ ದಂಡದ ರಶೀದಿ ಮುಟ್ಟುತ್ತದೆ, ತಿಳಿವಳಿಕೆಯ ಚೀಟಿ ಮುಟ್ಟುವುದಿಲ್ಲ.

ಒಂದು ಗೋಡೆ, ಎರಡು ಗೆರೆ

ಇಲ್ಲಿ ಗ್ರಾಮ ಪಂಚಾಯತುಗಳು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲದೆ ಒಂದು ಒಳ್ಳೆಯ ಕೆಲಸ ಆದೀತು. ಪ್ರತಿ ಪಂಚಾಯತಿನಲ್ಲೂ ಶಾಲೆಯ ಮೈದಾನವೋ ಸಮುದಾಯ ಭವನದ ಅಂಗಳವೋ ಇದ್ದೇ ಇದೆ. ಅದರ ಒಂದು ಆವರಣ ಗೋಡೆಗೆ ಬಿಳಿ ಸುಣ್ಣ ಬಳಿದು, ಅಳತೆಯ ಗೆರೆಗಳನ್ನು ಪೈಂಟಿನಲ್ಲಿ ಎಳೆದು, ನೆಲದಲ್ಲಿ 10 ಮೀಟರಿಗೆ ಒಂದು ಕಲ್ಲು ಹುಗಿದರೆ ಸಾಕು. ಗೋಡೆಯ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ನಾಲ್ಕು ಸಾಲು ವಿವರ ಇರಲಿ. ಯಾರು ಬೇಕಾದರೂ ಸಂಜೆ ಹೊತ್ತು ವಾಹನ ತಂದು ತಮ್ಮ ದೀಪದ ಗುರಿ ತಾವೇ ನೋಡಿಕೊಳ್ಳಬಹುದು.

ಕೇರಳಕ್ಕೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 1. ಅದಕ್ಕಿಂತ ಮೊದಲು ಮೇ ತಿಂಗಳ ಒಂದು ಭಾನುವಾರ ಸಂಜೆ ಅದೇ ಗೋಡೆಯ ಹತ್ತಿರ ದೀಪ ತಪಾಸಣೆಯ ಶಿಬಿರ ನಡೆಯಲಿ. ಮೋಟಾರು ವಾಹನ ಇಲಾಖೆಯವರು ಅಂದು ದಂಡದ ಪುಸ್ತಕ ಬದಿಗಿಟ್ಟು ಬರಲಿ. ಊರಿನ ಇಬ್ಬರು ಓಟೋ ಇಲೆಕ್ಟ್ರಿಶಿಯನ್ನರು ಮೀಟರು ಹಿಡಿದು ನಿಲ್ಲಲಿ. ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುವ ಯುವಕ ಮಂಡಲಗಳು, ಕ್ಲಬ್ಬುಗಳು ಗಡಿನಾಡಿನಲ್ಲಿ ಎಷ್ಟಿಲ್ಲ? ಅವುಗಳಿಗೆ ಇದೇನು ಭಾರದ ಕೆಲಸವಲ್ಲ. ಪಾಲಿಟೆಕ್ನಿಕ್, ಐಟಿಐಗಳಲ್ಲಿ ಕಲಿಯುವ ಊರಿನ ಮಕ್ಕಳಿಗೂ ಇದೊಂದು ಪಾಠವಾದೀತು.

ಬೇಡಿಕೆಯನ್ನು ಕನ್ನಡದಲ್ಲೇ ಬರೆದು ಕೊಡಬಹುದು. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಕನ್ನಡದ ಹಕ್ಕು ಎಂದರೆ ಶಾಲೆ, ಪರೀಕ್ಷೆ, ನೇಮಕಾತಿ ಮಾತ್ರ ಅಲ್ಲ. ರಾತ್ರಿ ಹೊತ್ತು ಮನೆಗೆ ಸುರಕ್ಷಿತವಾಗಿ ಮುಟ್ಟುವುದಕ್ಕೆ ಬೇಕಾದ ತಿಳಿವಳಿಕೆ ತನ್ನ ಭಾಷೆಯಲ್ಲಿ ಸಿಗುವುದೂ ಅದರಲ್ಲೇ ಸೇರಿದೆ.

ಗೇರೇಜಿನವರಿಗೂ ಒಂದು ಮಾತು ಸಲ್ಲುತ್ತದೆ. ಬಲ್ಬು ಮಾರಿದರೆ ಕೂಡಲೇ ಲಾಭ, ವಯರು ಹುಡುಕಿದರೆ ಅರ್ಧ ದಿನ ಹೋಗುತ್ತದೆ, ನಿಜ. ಆ ಅರ್ಧ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡುವ ಬುದ್ಧಿಯನ್ನು ವಾಹನದವರೂ ಕಲಿಯಬೇಕು. ಕಾಣುವ ಸಾಮಾನಿಗೆ ಸಾವಿರ ಕೊಟ್ಟು, ಕಾಣದ ಕೆಲಸಕ್ಕೆ ನೂರು ಕೊಡಲು ಹಿಂದೆ ಮುಂದೆ ನೋಡಿದರೆ ಒಳ್ಳೆಯ ಕೆಲಸಗಾರ ಉಳಿಯುವುದು ಹೇಗೆ?

ದೀಪ ಎಷ್ಟು ಸರಿಯಾದರೂ ಹಳೆ ಜೀಪು ಹೊಸ ಕಾರು ಆಗದು. ಬೆಳಕು ಕಾಣುವಷ್ಟೇ ದೂರದಲ್ಲಿ ನಿಲ್ಲಿಸಲು ಸಾಧ್ಯವಾಗುವ ವೇಗ, ಎದುರು ವಾಹನ ಕಂಡ ಕೂಡಲೇ ಡಿಮ್, ಜೋರು ಮಳೆಗೆ ಬ್ರೈಟ್ ಬಿಟ್ಟು ಡಿಮ್ಮಿನಲ್ಲೇ ಹೋಗುವ ಅಭ್ಯಾಸ, ವಾರಕ್ಕೊಮ್ಮೆ ಗಾಜಿನ ಕೆಸರು ಒರಸುವ ಒಂದು ಚಿಂದಿ ಬಟ್ಟೆ, ಇವು ಯಾವಾಗಲೂ ಬೇಕು. ಆದರೆ ಇವೆಲ್ಲ ಇದ್ದೂ ಬಲ್ಬಿಗೆ ಕರೆಂಟೇ ಬಾರದಿದ್ದರೆ ಚಾಲಕನ ಜಾಣತನ ಒಂದು ತಿರುವಿನವರೆಗೆ ಮಾತ್ರ.

ಗುಡ್ಡೆಯ ಮನೆಗೆ ಮತ್ತೊಂದು ರಾತ್ರಿ ಅದೇ ಜೀಪು ಬರಲಿಕ್ಕಿದೆ. ಯಾರ ಮನೆಗೆ, ಯಾವ ರಾತ್ರಿ ಎಂಬುದಷ್ಟೇ ತಿಳಿಯದು. ಅಂದು ಚಾಲಕ ತಲೆ ಹೊರಗೆ ಹಾಕದೆ, ಸೀಟಿನಲ್ಲಿ ನೆಟ್ಟಗೆ ಕುಳಿತು ಇಳಿಯುವಂತಾಗಲಿಕ್ಕೆ ಬೇಕಾದದ್ದು ಎರಡು ರಿಲೇ, ನಾಲ್ಕು ಮೀಟರ್ ವಯರು, ಒಂದು ಬಿಳಿ ಗೋಡೆ. ಈ ಮಳೆಗಾಲ ಬರುವುದರೊಳಗೆ ವಾಹನದವರು ತಮ್ಮ ಪಾಲಿನದ್ದನ್ನು ಮಾಡಲಿ. ಗೋಡೆಯ ಕೆಲಸಕ್ಕೆ ಪಂಚಾಯತು ಮತ್ತು ಇಲಾಖೆ ಇತ್ತ ಗಮನ ಹರಿಸಲಿ.